ಅರ್ಧಕ್ಕೆ ನಿಂತ ಕುದುರೆಗಳ ಕಥೆ

ಆಗೆಲ್ಲ ಪುಷ್ಯ, ಮಾಘ ಬಂತೆಂದರೆ ಆದೋನಿಯ ಗಾಳಿಯಲ್ಲೂ ಹತ್ತಿ ಇರುತ್ತಿತ್ತು. ಸುತ್ತಲ ಹಳ್ಳಿಗಳಿಂದ ಬಂದ ಬಂಡಿಗಳು ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಅವುಗಳಿಂದ ಹಾರಿದ ಎಳೆಗಳು ಬೇವಿನ ಮರಕ್ಕೆ, ಅವ್ವ ಒಣಹಾಕಿದ ಸೀರೆಗೆ, ನಮ್ಮ ಜಡೆಗೆ ಬಂದು ಅಂಟಿಕೊಳ್ಳುತ್ತಿದ್ದವು. ಓಣಿಯ ತುಂಬ ಹತ್ತಿಕಾಳಿನ ಜಿಡ್ಡು ವಾಸನೆ. ಈಗ ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ, "ನಿಮಗೆ ಕೆಮ್ಮು ಬರ್ತಿರ್ಲಿಲ್ವಾ ಅಜ್ಜಿ?" ಎಂದು ಕೇಳುತ್ತಾರೆ. ಬರುತ್ತಿತ್ತು. ಆದರೆ ಕೆಮ್ಮನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ, ನೋಡಿ.

ನಾನು ಹೇಳಹೊರಟದ್ದು ಸಿಂಗಪುರ ಬಿದ್ದ ವರ್ಷದ ಹತ್ತಿಯ ಕಾಲವನ್ನು. ಆಗ ನನಗೆ ಒಂಬತ್ತು ವರ್ಷ.

ನಮ್ಮ ಮನೆ ಬೆಟ್ಟದ ಕಡೆಗೆ ಹೋಗುವ ಓಣಿಯಲ್ಲಿತ್ತು. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಹೊರಗೆ ಬ್ರಿಟಿಷರ ಸರ್ಕಾರವಾದರೆ ಒಳಗೆ ಅಜ್ಜಿಯ ಮಡಿಯ ಸರ್ಕಾರ. ಅಜ್ಜಿ ಎಂದರೆ ಅಪ್ಪನ ತಾಯಿ. ಅವ್ವ ಆಕೆಯ ಸರ್ಕಾರದ ವಿಧೇಯ ಪ್ರಜೆ. ನಾನು ಮಿಷನ್ ಶಾಲೆಗೆ ಹೋಗುತ್ತಿದ್ದುದರಿಂದ ಅರ್ಧ ಹೊರಗಿನವಳು. ಸಂಜೆ ಶಾಲೆಯಿಂದ ಬಂದರೆ ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಹೋಗಬೇಕು, ಶಾಲೆಯ ಲಂಗ ಬಿಚ್ಚಿ ಮೂಲೆಗೆ ಹಾಕಬೇಕು, ಕೈಕಾಲು ತೊಳೆದು ಬೇರೆ ಉಟ್ಟ ಮೇಲೆಯೇ ನಡುಮನೆಗೆ ಪ್ರವೇಶ. ಅಲ್ಲಿಯವರೆಗೆ ಅಜ್ಜಿ ನನ್ನನ್ನು ನೋಡಿಯೂ ನೋಡುತ್ತಿರಲಿಲ್ಲ. ಲಂಗ ಬದಲಾದ ಕೂಡಲೇ, "ಬಾರ ನನ್ನವ್ವಾ" ಎಂದು ಕರೆದು ಶೇಂಗಾ ಉಂಡಿ ಕೈಗಿಡುತ್ತಿದ್ದಳು. ಒಂದು ಲಂಗದ ಅಂತರದಲ್ಲಿ ಪ್ರೀತಿ ಕಾಯುತ್ತಾ ನಿಂತಿರುತ್ತಿತ್ತು.

ಅಜ್ಜಿಯ ಸರ್ಕಾರದ ಇನ್ನೊಂದು ಕಾನೂನು ದೀಪ ಹಚ್ಚುವ ಹೊತ್ತಿನದು. ಆ ಹೊತ್ತಿನಲ್ಲಿ ಅಸ್ತು ದೇವತೆಗಳು ಮನೆಮನೆಯ ಮೇಲೆ ತಿರುಗಾಡುತ್ತಿರುತ್ತಾರೆ, ಯಾರು ಏನು ಮಾತಾಡಿದರೂ ಅದಕ್ಕೆ "ಅಸ್ತು", ಹಾಗೆಯೇ ಆಗಲಿ, ಎಂದುಬಿಡುತ್ತಾರೆ. ಒಳ್ಳೆಯದು ಕೆಟ್ಟದ್ದು ಎಂದು ಅವರು ನೋಡುವುದಿಲ್ಲ. ಆದ್ದರಿಂದ ಮುಸ್ಸಂಜೆಯಲ್ಲಿ "ಎಣ್ಣಿ ಇಲ್ಲ" ಎನ್ನಬಾರದು, "ಎಣ್ಣಿ ತರಬೇಕು" ಎನ್ನಬೇಕು. ಒಮ್ಮೆ ನಾನು ಹೊಸ್ತಿಲು ಎಡವಿ "ಸತ್ನೆವ್ವಾ" ಎಂದದ್ದಕ್ಕೆ ಅಜ್ಜಿ ನನ್ನ ಬಾಯಿಗೆ ಫಟ್ಟನೆ ಹೊಡೆದು, ಆ ಮಾತನ್ನು ಅಳಿಸಲು "ನೂರು ವರ್ಷ, ನೂರು ವರ್ಷ" ಎಂದು ಮೂರು ಸಲ ಹೇಳಿಸಿದ್ದಳು. ನಾನು ಆ ದೇವತೆಗಳನ್ನು ಪೂರ್ತಿ ನಂಬಿದ್ದೆ. ಬಾವಲಿಗಳು ಬೆಟ್ಟದಿಂದ ಹೊರಟಾಗ ಅವೇ ಇರಬೇಕೆಂದು ತಲೆ ತಗ್ಗಿಸುತ್ತಿದ್ದೆ.

ಸೀನಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ನಡುವೆ ಹುಟ್ಟಿದ ಇಬ್ಬರು ಉಳಿಯಲಿಲ್ಲವಾದ್ದರಿಂದ ಅವನಿಗೆ ನಾನೇ, ನನಗೆ ಅವನೇ. ಬೆಟ್ಟದ ಮೇಲೆ ಹಾಳುಬಿದ್ದ ಕೋಟೆಯಿದೆಯಲ್ಲ, ಅದರ ಗೋಡೆಗಳ ಸಂದಿಯಲ್ಲಿ ಸೀತಾಫಲದ ಗಿಡಗಳು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಣ್ಣು ಕೀಳಿಸುತ್ತಿದ್ದ. ಮನೆಗೆ ಬಂದರೆ ಕಟ್ಟೆಯ ಮೇಲೆ ಗಜಗದ ಆಟ. ಗಂಡುಮಕ್ಕಳು ಗಜಗ ಆಡುವುದಿಲ್ಲ ಎಂದು ಓಣಿಯ ಹುಡುಗರು ನಗುತ್ತಿದ್ದರು. ಅವನು ನಗಲಿ ಬಿಡು ಎಂದು ಆಡುತ್ತಿದ್ದ. ಒಂದು ಗಜಗ ಮೇಲೆ ಹಾರಿಸಿ, ಅದು ಕೆಳಗೆ ಬರುವಷ್ಟರಲ್ಲಿ ನೆಲದ ಮೇಲಿನ ನಾಲ್ಕನ್ನೂ ಬಾಚಿಕೊಳ್ಳುವ ಅವನ ದೊಡ್ಡ ಅಂಗೈ ನನಗೆ ಈಗಲೂ ಕಾಣುತ್ತದೆ.

ಅವನಿಗೆ ನಂದವರದ ಶಾಲೆಯಲ್ಲಿ ಮಾಸ್ತರಿಕೆ ಸಿಗುವಂತಿತ್ತು. ಅವನಿಗೂ ಅದೇ ಇಷ್ಟ. ಅಪ್ಪ ಒಪ್ಪಲಿಲ್ಲ. ಬಳ್ಳಾರಿಯಲ್ಲಿ ಸೈನ್ಯಕ್ಕೆ ಗುಮಾಸ್ತರನ್ನು ತೆಗೆದುಕೊಳ್ಳುತ್ತಿದ್ದಾರೆಂದು ಅರ್ಜಿ ಬರೆಸಿದರು.

"ಬಂದೂಕು ಹಿಡಿಯೋದಲ್ಲೋ, ಲೆಕ್ಕಣಿಕಿ ಹಿಡಿಯೋದು. ಆದ್ರ ಬಂದೂಕಿನ ನೆರಳಾಗ ಕೂತು ಹಿಡಿಯೋದು. ಈ ಸರ್ಕಾರದ ಹಡಗು, ತೋಪು, ವಿಮಾನ ಎಷ್ಟವ ಗೊತ್ತದ ಏನು? ಇವರ ನೆರಳಿಗೆ ಹೋದವಗ ಬಿಸಿಲು ಸುದ್ದಾ ತಾಕೂದಿಲ್ಲ" ಎಂದರು.

ಸೀನಣ್ಣ ಎದುರಾಡಲಿಲ್ಲ. ನಮ್ಮ ಮನೆಯಲ್ಲಿ ಎದುರಾಡುವ ಪದ್ಧತಿ ಇರಲಿಲ್ಲ. ಹೊರಡುವ ದಿನ ಸ್ಟೇಷನ್ನಿನಲ್ಲಿ ತನ್ನ ಪಾಲಿನ ಐದು ಗಜಗಗಳನ್ನು ನನ್ನ ಕೈಗೆ ಕೊಟ್ಟು, "ನಾ ಬರೋತನಕ ನನ್ನ ಪಾಳಿನೂ ನೀನ ಆಡು ರಾಧೀ. ಮೋಸ ಮಾಡಬ್ಯಾಡ ಮತ್ತ" ಎಂದ. ರೈಲು ಹೋಯಿತು. ಅಪ್ಪ ಮಾತ್ರ ಬಹಳ ಹೊತ್ತು ಪ್ಲಾಟ್‌ಫಾರ್ಮಿನ ಮೇಲೆ ಎದೆಯುಬ್ಬಿಸಿ ನಿಂತಿದ್ದರು.

ಒಂದು ವರ್ಷದೊಳಗೆ ಅವನ ಪಲ್ಟನ್ನು ಹಡಗು ಹತ್ತಿ ಸಿಂಗಪುರಕ್ಕೆ ಹೋಯಿತು. ಅಪ್ಪ ಎಲ್ಲಿಂದಲೋ ದೊಡ್ಡ ಭೂಪಟ ತಂದು ಪಡಸಾಲೆಯ ಗೋಡೆಗೆ ಹೊಡೆದರು. ಸರ್ಕಾರದ ಸೀಮೆಯೆಲ್ಲ ಅದರಲ್ಲಿ ಕೆಂಪು ಬಣ್ಣ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಕೆಂಪು ಬಾವುಟ ಮಾಡಿ, ಜಾಲಿಮುಳ್ಳಿಗೆ ಸಿಕ್ಕಿಸಿ, ಅಪ್ಪ ಹೇಳಿದ ಊರಿಗೆ ಚುಚ್ಚುವುದು ನನ್ನ ಕೆಲಸ. ಸಿಂಗಪುರಕ್ಕೆ ಮಾತ್ರ ನಾನು ಅರಿಸಿನ ಹಚ್ಚಿದ ಹಳದಿ ಬಾವುಟ ಮಾಡಿದ್ದೆ. ಅದು ಸೀನಣ್ಣನದು. ಭೂಪಟದಲ್ಲಿ ಅದು ಎಷ್ಟು ಸಣ್ಣ ಊರೆಂದರೆ ಮುಳ್ಳು ಚುಚ್ಚಿದ ಮೇಲೆ ಊರೇ ಕಾಣುತ್ತಿರಲಿಲ್ಲ.

ಸಂಜೆ ಮದರಾಸಿನಿಂದ ರೈಲಿನಲ್ಲಿ ಬಂದ ಪೇಪರು ಹಿಡಿದು ಅಪ್ಪ ಕಟ್ಟೆಯ ಮೇಲೆ ಕೂರುತ್ತಿದ್ದರು. ಓಣಿಯವರೆಲ್ಲ ಸೇರುತ್ತಿದ್ದರು. ಅಪ್ಪ ಓದಿ, ಕನ್ನಡದಲ್ಲೂ ತೆಲುಗಿನಲ್ಲೂ ಬಿಡಿಸಿ ಹೇಳುತ್ತಿದ್ದರು. ಹಡಗುಗಳ ಹೆಸರು, ತೋಪುಗಳ ಉದ್ದ ಎಲ್ಲ ಅವರಿಗೆ ಬಾಯಿಪಾಠ. ಸ್ವತಃ ಎರಕಹೊಯ್ದು ಕೊಟ್ಟವರ ಹಾಗೆ ವರ್ಣಿಸುತ್ತಿದ್ದರು. ಕಟ್ಟೆಯ ತುದಿಯಲ್ಲಿ ಖಾಸಿಂ ಸಾಹೇಬರು ಕೂರುತ್ತಿದ್ದರು. ಹಿಂದಿನ ಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಕುಂಟುಗಾಲಿನೊಂದಿಗೆ ಬಂದ ಪಿಂಚಣಿ ಸಿಪಾಯಿ ಅವರು. ಅಲ್ಲಿ ಯುದ್ಧ ಕಂಡವರು ಅವರೊಬ್ಬರೇ, ಯುದ್ಧದ ಬಗ್ಗೆ ಮಾತಾಡದವರೂ ಅವರೊಬ್ಬರೇ.

ಬಳ್ಳಾರಿಗೆ ಇಟಲಿಯ ಸೆರೆಯಾಳುಗಳನ್ನು ತಂದು ಇಟ್ಟಿದ್ದಾರೆಂಬ ಸುದ್ದಿ ಬಂದ ದಿನ ಅಪ್ಪನನ್ನು ಹಿಡಿಯುವವರಿರಲಿಲ್ಲ. "ನೋಡ್ರಿ, ಎಲ್ಲಿ ಇಟಲಿ, ಎಲ್ಲಿ ಬಳ್ಳಾರಿ! ಕುರಿ ಹೊಡಕೊಂಡು ಬಂದಂಗ ಹೊಡಕೊಂಡು ಬಂದಾರ" ಎಂದರು.

ಬಾಗಿಲ ಮರೆಯಿಂದ ಅವ್ವ ಮೆಲ್ಲಗೆ ಕೇಳಿದಳು, "ಅವರಿಗೆ ಉಣ್ಣಾಕ ಏನ್ ಕೊಡ್ತಾರಂತರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಚಳಿಗಾಲದಲ್ಲಿ ಜಪಾನಿನವರು ಮಲಯದ ಕಾಡಿನಲ್ಲಿ ಇಳಿದು ಬರತೊಡಗಿದರು. ಸರ್ಕಾರದ ಎರಡು ದೊಡ್ಡ ಹಡಗುಗಳು ಮುಳುಗಿದವು. "ಎರಡು ಹೋದ್ರ ಇಪ್ಪತ್ತು ಬರ್ತಾವ" ಎಂದರು ಅಪ್ಪ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನುತ್ತಾ, ಪೇಪರಿನಲ್ಲಿದ್ದ ಊರುಗಳ ಹೆಸರು ಕೇಳಿ ನಾನು ಬಾವುಟ ಕೀಳಲು ಹೋದೆ. ಆ ಊರುಗಳು ಈಗ ನಮ್ಮವಲ್ಲವಲ್ಲ. ಅಪ್ಪ ನನ್ನ ಕೈ ಹಿಡಿದು, "ಇರ್ಲಿ ಬಿಡು. ನಾಳೆ ಮತ್ತ ಚುಚ್ಚೂದು ಇದ್ದ ಇರ್ತದ" ಎಂದರು. ಹೀಗೆ ನಮ್ಮ ಗೋಡೆಯ ಮೇಲೆ ಮಾತ್ರ ಒಂದು ಊರೂ ಸೋಲಲಿಲ್ಲ. ಸೀನಣ್ಣನ ಪತ್ರ ಬಂದು ಆಗಲೇ ಎರಡು ತಿಂಗಳಾಗಿತ್ತು.

ಆ ದಿನಗಳಲ್ಲಿ ನನ್ನ ಜೊತೆ ಮಾತಾಡುವವರೇ ಇರಲಿಲ್ಲ. ಅವ್ವ ಒಲೆಯ ಮುಂದೆ ಮೌನ. ಅಜ್ಜಿ ದೇವರ ಮುಂದೆ. ಅಪ್ಪ ಪೇಪರಿನ ಹಿಂದೆ. ಶಾಲೆಯಲ್ಲಿ ನಾನೊಬ್ಬಳೇ ಮಧ್ಯಾಹ್ನ ಊಟಕ್ಕೆ ದೂರ ಕೂರುವ ಹುಡುಗಿ, ಬೇರೆಯವರ ಬುತ್ತಿ ಮುಟ್ಟಬಾರದೆಂದು ಅಜ್ಜಿಯ ಆಣೆಯಿತ್ತು. ಸಂಜೆ ಕಟ್ಟೆಯ ಮೂಲೆಯಲ್ಲಿ ಒಬ್ಬಳೇ ಗಜಗ ಆಡುತ್ತಿದ್ದೆ. ಒಂದು ಪಾಳಿ ನನ್ನದು, ಒಂದು ಸೀನಣ್ಣನದು. ಮೋಸ ಮಾಡಬೇಡವೆಂದಿದ್ದ, ಆದರೆ ಅವನೇ ಗೆಲ್ಲುವ ಹಾಗೆ ನನ್ನ ಪಾಳಿಯಲ್ಲಿ ಬೇಕೆಂದೇ ಒಂದನ್ನು ಬಿಟ್ಟುಬಿಡುತ್ತಿದ್ದೆ.

ಶಾಲೆಯಲ್ಲಿ ನನಗೆ ಇಷ್ಟವಾದದ್ದು ಸುಗುಣಮ್ಮ ಟೀಚರರ ಕಥೆಯ ಪಾಠ ಒಂದೇ. ಅವರು ಗೋಡೆಗೆ ಬಣ್ಣದ ಚಿತ್ರಗಳ ಸುರುಳಿ ತೂಗುಹಾಕಿ, ಕೋಲಿನಿಂದ ತೋರಿಸುತ್ತಾ ತೆಲುಗಿನಲ್ಲಿ ಯೆಹೂದ್ಯರ ಹಳೆಯ ಶಾಸ್ತ್ರದ ಕಥೆ ಹೇಳುತ್ತಿದ್ದರು. ರಥಸಪ್ತಮಿ ಕಳೆದ ಹೊಸತು. ಅಜ್ಜಿ ಅಂಗಳದಲ್ಲಿ ಸೂರ್ಯನ ರಥ, ಏಳು ಕುದುರೆ ಬರೆದಿದ್ದಳು. ಆ ವಾರ ಟೀಚರು ಬಿಚ್ಚಿದ ಚಿತ್ರದಲ್ಲೂ ರಥ, ಕುದುರೆ. ನನಗೆ ಖುಷಿಯೋ ಖುಷಿ.

ಕಥೆ ಹೀಗಿತ್ತು. ಬೆಟ್ಟಗಳ ನಡುವೆ ಒಂದು ಸಣ್ಣ ರಾಜ್ಯ. ಬಡಗಲಿಂದ ದೊಡ್ಡ ವೈರಿ ಬರುತ್ತಾನೆಂದು ಸುದ್ದಿ. ರಾಜ್ಯದ ದೊಡ್ಡವರು ಹೆದರಿ, ಕತ್ತೆ ಒಂಟೆಗಳ ಮೇಲೆ ಕಾಣಿಕೆ ಹೇರಿ, ಮರಳುಗಾಡು ದಾಟಿ ತೆಂಕಣ ದೇಶದ ಮಹಾರಾಜನ ಆಸರೆ ಕೇಳಲು ಹೊರಟರು. ಅವನ ಬಳಿ ಕುದುರೆಗಳು, ರಥಗಳು ಲೆಕ್ಕವಿಲ್ಲದಷ್ಟು. ಇನ್ನು ನಮಗೇನು ಭಯ ಎಂದು ಬೀಗಿದರು. ದೇವರ ಮಾತು ಹೇಳುವ ಒಬ್ಬ ಮನುಷ್ಯ ಮಾತ್ರ ಬೀದಿಯಲ್ಲಿ ನಿಂತು ಬೇಡವೆಂದ. ಆ ಕುದುರೆಗಳೂ ನಮ್ಮಂತೆ ರಕ್ತಮಾಂಸದವೇ, ಆ ರಾಜನೂ ನಮ್ಮಂತೆ ಸಾಯುವವನೇ, ಅವನು ಎಡವಿದರೆ ಅವನ ಕೈ ಹಿಡಿದ ನೀವೂ ಅವನೊಂದಿಗೇ ಬೀಳುತ್ತೀರಿ, ಕೊನೆಗೆ ಬೆಟ್ಟದ ತುದಿಯಲ್ಲಿ ಒಂಟಿ ಬಾವುಟದ ಕೋಲು ಉಳಿದ ಹಾಗೆ ಉಳಿಯುತ್ತೀರಿ ಎಂದ. ಜನ ಅವನಿಗೆ, ನಮಗೆ ಹಿತವಾದದ್ದು ಹೇಳು, ಇಲ್ಲದಿದ್ದರೆ ಸುಮ್ಮನಿರು ಎಂದರು.

ಇಷ್ಟು ಕೇಳುವಷ್ಟರಲ್ಲಿ ನನ್ನ ಮನಸ್ಸು ಬಾವುಟದ ಕಡೆ ಹೋಗಿಬಿಟ್ಟಿತ್ತು. ಟೀಚರು ಮುಂದೆ ಇನ್ನೂ ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಬೀದಿಯಲ್ಲಿ ಒಬ್ಬನೇ ನಿಂತ ಆ ಮನುಷ್ಯನನ್ನು ನೆನೆದು ಪಾಪ ಅನ್ನಿಸುತ್ತಿತ್ತು. ಅವನ ಜೊತೆಗೂ ಯಾರೂ ಮಾತಾಡುತ್ತಿರಲಿಲ್ಲ.

ಅದಾದ ನಾಲ್ಕನೆಯ ದಿನವೋ ಐದನೆಯ ದಿನವೋ, ಪೇಪರಿನಲ್ಲಿ ಚೆನ್ನಾಗಿರುವುದೇನೂ ಇರಲಿಲ್ಲ. ಕಟ್ಟೆಯ ಮೇಲೆ ಎಲ್ಲರೂ ಮುಖ ಸಪ್ಪೆ ಮಾಡಿ ಕೂತಿದ್ದರು. "ಆ ಸಿಂಗಪುರದ ಕೋಟೆ ಬೀಳೂದಿಲ್ಲ. ಸಮುದ್ರದ ಕಡೆ ಬಾಯಿ ಮಾಡಿದ ತೋಪು ಅವ ಅಲ್ಲಿ" ಎಂದು ಅಪ್ಪ ಎರಡು ಸಲ ಹೇಳಿದರು. ಮಂಕು ಕಳೆಯಲೆಂದು ಅಪ್ಪ ನನ್ನ ಕಡೆ ತಿರುಗಿದರು. ಎಷ್ಟೋ ದಿನಗಳ ಮೇಲೆ ಅವರು ನನ್ನ ಮುಖ ನೋಡಿದ್ದು.

"ರಾಧೀ, ನಿಮ್ಮ ಸಾಲ್ಯಾಗ ಏನೇನೋ ಕಥಿ ಹೇಳ್ತಾರಲ್ಲ? ಒಂದು ಹೇಳು, ಎಲ್ಲರೂ ಕೇಳ್ಲಿ."

ನನ್ನ ಸಂತೋಷವನ್ನು ಏನೆಂದು ಹೇಳಲಿ! ಅಷ್ಟೂ ಮುಖಗಳು ನನ್ನ ಕಡೆ. ಗಜಗಗಳನ್ನು ಲಂಗದ ಮಡಿಕೆಗೆ ಸೇರಿಸಿ ಎದ್ದು ನಿಂತೆ. ಒಳಗೆ ಅಜ್ಜಿ ದೀಪ ಹಚ್ಚುತ್ತಿದ್ದ ಹತ್ತಿಬತ್ತಿಯ ವಾಸನೆ ಬರುತ್ತಿತ್ತು. ಕುದುರೆಯ ಕಥೆ ಅಪ್ಪನಿಗೆ ಇಷ್ಟವಾಗುತ್ತದೆಂದು ಅದನ್ನೇ ಆರಿಸಿಕೊಂಡೆ. ತೆಲುಗಿನದನ್ನು ಕನ್ನಡಕ್ಕೆ ಮಾಡಿಕೊಳ್ಳುತ್ತಾ, ಕೈ ತಿರುಗಿಸುತ್ತಾ, ಟೀಚರರ ಹಾಗೆಯೇ ಹೇಳಿದೆ. ಒಂಟೆಗಳು ಬಂದಾಗ ಜನ ನಕ್ಕರು. ಬೀದಿಯ ಮನುಷ್ಯ ಬಂದಾಗ ನಗು ನಿಂತಿತು. ಮಂದಿ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಾರೆಂದು ನಾನು ಇನ್ನೂ ಜೋರಾಗಿ ಹೇಳಿದೆ.

"ಆ ರಾಜನ ಕುದುರಿ ಬೀಳ್ತಾವ, ಆ ರಾಜಾನೂ ಬೀಳ್ತಾನ, ಅವನ್ನ ನಂಬಿ ಹೋದವರೂ ಅವನ ಜೋಡಿ ಬೀಳ್ತಾರ. ಬೆಟ್ಟದ ಮ್ಯಾಲ ಒಂದ ಒಂದು ಬಾವುಟ..."

"ಬಾಯಿ ಮುಚ್ಚ!" ಅಜ್ಜಿ ಒಳಗಿನಿಂದ ಓಡಿ ಬಂದಳು. ಮಡಿಯಲ್ಲಿದ್ದವಳು ಮಡಿ ಮರೆತು ನನ್ನ ತೋಳು ಹಿಡಿದಳು. "ದೀಪಾ ಹಚ್ಚೋ ವ್ಯಾಳ್ಯಾದಾಗ ಎಂಥಾ ಮಾತಾಡ್ತಿ? ಕೂಸು ಅಲ್ಲಿ ಅದಾನ! ಅಸ್ತು ಅಂದುಬಿಟ್ರ ಏನ್ ಮಾಡ್ತೀ?"

ಆಗ ನನಗೆ ಹೊಳೆಯಿತು. ಯಾರನ್ನು ನಂಬಿ ಯಾರು ಹೋಗಿದ್ದಾರೆ ಎಂಬುದು.

"ಇನ್ನೂ ಅದಪ್ಪಾ, ಕಥಿ ಮುಗಿದಿಲ್ಲ" ಎಂದೆ. ನನಗೆ ಮುಂದಿನದು ಗೊತ್ತಿರಲಿಲ್ಲ. ಆದರೆ ಇದೆ ಎಂಬುದು ಗೊತ್ತಿತ್ತು.

"ಮುಗಿಸ್ಲಿ ಬಿಡ್ರಿ ರಾವ್ ಸಾಬ್. ಬಚ್ಚಿ ಐತಿ" ಎಂದರು ಖಾಸಿಂ ಸಾಹೇಬರು.

ಅಪ್ಪ ಎದ್ದರು. ಹೊಡೆಯುತ್ತಾರೆಂದು ಕಣ್ಣು ಮುಚ್ಚಿದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. "ಸಾಕು. ಒಳಗ ಹೋಗು" ಎಂದರು, ಅಷ್ಟೇ. ಮರುದಿನದಿಂದ ನನ್ನ ಶಾಲೆ ನಿಂತಿತು.

ವಾರ ತುಂಬುವುದರೊಳಗೆ ಸಿಂಗಪುರ ಬಿತ್ತು. ಹತ್ತಿ ಪ್ರೆಸ್ಸಿನ ಸೇಠರ ಮನೆಯ ರೇಡಿಯೋದಲ್ಲಿ ಮೊದಲು ಗೊತ್ತಾಗಿ, ಅಪ್ಪ ಕಚೇರಿಯಿಂದ ಮಧ್ಯಾಹ್ನವೇ ಮನೆಗೆ ಬಂದರು. ಕೋಟೆಯ ತೋಪುಗಳು ಸಮುದ್ರದ ಕಡೆ ನೋಡುತ್ತಿದ್ದಂತೆ ವೈರಿ ನೆಲದ ಕಡೆಯಿಂದ ಬಂದಿದ್ದನಂತೆ. ಇದ್ದಬದ್ದ ಸೈನ್ಯವೆಲ್ಲ ಸೆರೆ ಸಿಕ್ಕಿತಂತೆ. ಅವ್ವ ಅಳಲಿಲ್ಲ. ತಾಟಿನ ಮುಂದೆ ಕೂತ ಅಪ್ಪನಿಗೆ ಅನ್ನ ಬಡಿಸುತ್ತಾ, "ಅವರಿಗೆ ಉಣ್ಣಾಕ ಏನ್ ಕೊಡ್ತಾರಂತರಿ?" ಎಂದು ಕೇಳಿದಳು. ಅಪ್ಪ ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು ಎದ್ದುಹೋದರು.

ಅದರ ನಂತರದ ಒಂದು ತಿಂಗಳನ್ನು ಹೇಗೆ ಹೇಳಲಿ? ಮನೆಯಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. ಅಜ್ಜಿ ಒಂದೇ ಒಂದು ಸಲ, ಅದೂ ನನ್ನ ಕಡೆ ನೋಡದೆ, "ನಾಲಿಗಿ ಇದು, ನಾಲಿಗಿ" ಎಂದಳು. ಅದು ಸಾಕಾಯಿತು. ನಾನು ಹೇಳಿದೆ, ದೇವತೆಗಳು ಅಸ್ತು ಎಂದರು, ಕೋಟೆ ಬಿತ್ತು. ಲೆಕ್ಕ ಅಷ್ಟು ಸರಳವಾಗಿತ್ತು. ಅಜ್ಜಿ ಸೀನಣ್ಣನ ಹೆಸರಿನಲ್ಲಿ ಲಕ್ಷಬತ್ತಿಯ ವ್ರತ ಹಿಡಿದಳು. ದಿನವಿಡೀ ಆಕೆಯ ಎದುರು ಕೂತು ಹತ್ತಿ ಹಿಂಜಿ ಬತ್ತಿ ಹೊಸೆಯುತ್ತಿದ್ದೆ. ತೊಡೆಯ ಮೇಲೆ ಹೊಸೆದು ಹೊಸೆದು ಚರ್ಮ ಕೆಂಪಾಗುತ್ತಿತ್ತು. ನನಗೆ ಅದು ಬೇಕಾಗಿತ್ತು ಕೂಡ. ಕಟ್ಟೆಗೆ ಜನ ಬರುವುದು ನಿಂತಿತು. ಖಾಸಿಂ ಸಾಹೇಬರು ಮಾತ್ರ ಬಂದು, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಅಪ್ಪ ಗೋಡೆಯ ಕೆಂಪು ಬಾವುಟಗಳನ್ನು ಒಂದೊಂದಾಗಿ ಕಿತ್ತು ಒಲೆಗೆ ಹಾಕಿದರು. ಹಳದಿಯದನ್ನು ಮುಟ್ಟಲಿಲ್ಲ. ಅಷ್ಟು ದೊಡ್ಡ ಭೂಪಟದ ಮೇಲೆ ಅದೊಂದೇ ನಿಂತಿತ್ತು. ಆ ಕಥೆಯ ಬೆಟ್ಟದ ಬಾವುಟ ನಮ್ಮ ಪಡಸಾಲೆಗೇ ಬಂದಿತ್ತು. ನಾನು ಆ ಗೋಡೆಯ ಕಡೆ ಹೋಗುವುದನ್ನೇ ಬಿಟ್ಟೆ.

ಗಜಗವನ್ನೂ ಆಡುತ್ತಿರಲಿಲ್ಲ. ಅವನ ಪಾಳಿ ಆಡುವ ಯೋಗ್ಯತೆ ನನಗಿಲ್ಲ ಅನ್ನಿಸಿತ್ತು.

ಬತ್ತಿ ಹೊಸೆಯುತ್ತಾ ಕೂತಾಗ ಒಂದು ದಿನ ಹೊಳೆಯಿತು: ಕಥೆ ಅರ್ಧಕ್ಕೆ ನಿಂತಿದೆಯಲ್ಲ! ದೇವತೆಗಳು ಬಿದ್ದದ್ದಕ್ಕೆ ಅಸ್ತು ಎಂದಿದ್ದಾರೆ. ಮುಂದೆ ಏನೋ ಇತ್ತು. ಅದನ್ನೂ ಅದೇ ಹೊತ್ತಿನಲ್ಲಿ, ಅದೇ ಕಟ್ಟೆಯ ಮೇಲೆ ನಿಂತು ಹೇಳಿದರೆ ಅದಕ್ಕೂ ಅಸ್ತು ಎನ್ನಲೇಬೇಕು. ಆದರೆ ಆ ಮುಂದಿನದು ನನಗೆ ಗೊತ್ತಿಲ್ಲ.

ಮರುದಿನ ಮಧ್ಯಾಹ್ನ ಅಜ್ಜಿ ಮಲಗಿದಾಗ ಮನೆಯಿಂದ ತಪ್ಪಿಸಿಕೊಂಡು ಓಡಿದೆ. ಬಿಸಿಲಿಗೆ ಓಣಿ ಖಾಲಿ. ಮಿಷನ್ ಕಾಂಪೌಂಡಿನ ಹಿಂದೆ ಸುಗುಣಮ್ಮ ಟೀಚರರ ಮನೆ. ಅವರು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟರು.

"ಶಾಲೆಗೆ ಯಾಕೆ ಬರ್ತಿಲ್ಲಮ್ಮಾ?"

"ಟೀಚರ್, ಕುದುರೆ ಬಿದ್ದ ಮೇಲೆ ಏನಾಯಿತು?" ಎಂದು ಕೇಳಿದೆ. ಕೇಳಿದ್ದೇ ತಡ, ಅಳು ಬಂದು, ಕಟ್ಟೆಯ ಮಾತು, ಅಸ್ತು ದೇವತೆಗಳು, ಸೀನಣ್ಣ ಎಲ್ಲವನ್ನೂ ಹೇಳಿಬಿಟ್ಟೆ. ಅವರು ನನ್ನನ್ನು ಹತ್ತಿರ ಎಳೆದುಕೊಂಡರು. ಅವರ ಸೀರೆಗೆ ಸೀಮೆಸುಣ್ಣದ ವಾಸನೆಯಿತ್ತು. ಅದುವರೆಗೆ ಮನೆಯ ಹೊರಗಿನವರು ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ.

"ಮಾ ತಮ್ಮುಡೂ ಅಕ್ಕಡೇ ಉನ್ನಾಡಮ್ಮಾ" ಎಂದರು. ಅವರ ತಮ್ಮನೂ ಅಲ್ಲೇ ಇದ್ದ. ಅವನೂ ಸೆರೆ ಸಿಕ್ಕಿದ್ದ. "ಅವನು ಹೊರಟಾಗ ಬೂಟು, ಬಕ್ಕಲು ನೋಡಿ ನಾನೂ ಬೀಗಿದ್ದೆ. ಆ ಕಥೆ ನಿಮಗೆ ಹೇಳಿದ್ದಲ್ಲ. ನನಗೆ ನಾನೇ ಹೇಳಿಕೊಂಡದ್ದು."

ಆಮೇಲೆ ಮುಂದಿನ ಭಾಗವನ್ನು ನಿಧಾನವಾಗಿ ಹೇಳಿಕೊಟ್ಟರು. ನನಗೆ ಬಾಯಿಪಾಠವಾಗುವವರೆಗೆ ಬಿಡಲಿಲ್ಲ.

ಅಂದು ಶುಕ್ರವಾರ. ಖಾಸಿಂ ಸಾಹೇಬರು ಸಂಜೆಯ ನಮಾಜಿಗೆ ಹೋಗಿದ್ದರು. ಕಟ್ಟೆಯ ಮೇಲೆ ಒಂದು ಪಿಳ್ಳೆಯೂ ಇರಲಿಲ್ಲ. ಅಜ್ಜಿ ಒಳಗೆ ದೀಪ ಹಚ್ಚಿದ ವಾಸನೆ ಬಂದ ಕೂಡಲೇ ಹೊರಗೆ ಬಂದು, ಆ ದಿನ ನಿಂತಿದ್ದ ಜಾಗದಲ್ಲೇ ನಿಂತೆ. ಬೆಟ್ಟದ ಕಡೆಯಿಂದ ಬಾವಲಿಗಳು ಹೊರಟಿದ್ದವು. ಎದುರಿಗೆ ಯಾರೂ ಇಲ್ಲದೆ ಕಥೆ ಹೇಳುವುದು ಎಷ್ಟು ಕಷ್ಟವೆಂದು ನನಗೆ ಆಗ ಗೊತ್ತಾಯಿತು. ಕೈ ಎಲ್ಲಿಡಬೇಕೆಂದೇ ತಿಳಿಯದೆ ಲಂಗದ ತುದಿ ಹಿಡಿದುಕೊಂಡು, ಬರಿಯ ಕಟ್ಟೆಗೆ ಹೇಳಿದೆ:

"ಕುದುರಿ ಬಿದ್ವು. ರಾಜಾ ಬಿದ್ದ. ಎಲ್ಲಾರೂ ಬಿದ್ರು. ಆದ್ರ ದೇವರು ಬಿಟ್ಟುಹೋಗ್ಲಿಲ್ಲ. ಕಾಕೋತ ಕೂತ. ನೀವು ಕುದುರಿ ಹತ್ತಿ ಓಡಬ್ಯಾಡ್ರಿ, ಸುಮ್ಮಕ ತಿರುಗಿ ಬರ್ರಿ ಅಂದ. ದಾರಿ ತಪ್ಪಿದವಗ ಬೆನ್ನಹಿಂದ ಬಂದು, ಇದ ದಾರಿ, ಹಿಂಗ ಬಾ ಅಂತ ಹೇಳ್ದ. ಹೋದವರು ತಿರುಗಿ ಮನಿಗೆ ಬಂದ್ರು."

ಕೊನೆಯ ಮಾತು ಟೀಚರು ಹೇಳಿಕೊಟ್ಟದ್ದಲ್ಲ. ನಾನು ಸೇರಿಸಿದ್ದು.

ಹೇಳಿ ಮುಗಿಸಿ ಆಕಾಶ ನೋಡುತ್ತಾ ನಿಂತೆ. ದೇವತೆಗಳು ಅಸ್ತು ಎಂದರೆ ನಮಗೆ ಕೇಳಿಸುವುದಿಲ್ಲವೆಂದು ಗೊತ್ತಿತ್ತು. ಆದರೂ ಕಾದೆ. ಆಗ ಹಿಂದಿನಿಂದ, ಕತ್ತಲಾಗಿದ್ದ ಪಡಸಾಲೆಯಿಂದ ಒಂದು ದನಿ ಬಂತು.

"ಅಸ್ತು."

ತಿರುಗಿ ನೋಡಿದೆ. ಅಪ್ಪ ಭೂಪಟದ ಕೆಳಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಅವರು ನೆಲದ ಮೇಲೆ ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಎಷ್ಟು ಹೊತ್ತಿನಿಂದ ಇದ್ದರೋ. ಎರಡು ಕೈಯನ್ನೂ ಮುಗಿದಿದ್ದರು. "ಅಸ್ತು" ಎಂದು ಇನ್ನೊಮ್ಮೆ ಹೇಳಿ, ಮುಖ ಆ ಕಡೆ ಮಾಡಿಕೊಂಡರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ನನ್ನ ತಲೆಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಅಪ್ಪನೇ ನನ್ನ ಪಾಟಿಚೀಲ ಹಿಡಿದು ಶಾಲೆಗೆ ಬಿಟ್ಟುಬಂದರು. ನಾನು ಮತ್ತೆ ಗಜಗ ಆಡತೊಡಗಿದೆ.

ಒಂದು ವರ್ಷದ ಮೇಲೆ ಸೀನಣ್ಣನಿಂದ ಒಂದು ಅಚ್ಚುಹಾಕಿದ ಕಾರ್ಡು ಬಂತು. ಕ್ಷೇಮವಾಗಿದ್ದೇನೆ ಎಂಬ ಎರಡು ಸಾಲು, ಕೆಳಗೆ ಅವನ ಸಹಿ. ಅಂದು ಮನೆಯಲ್ಲಿ ಹೂರಣದ ಹೋಳಿಗೆ ಮಾಡಿದ್ದೆವು. ಅವ್ವ ಆ ಕಾರ್ಡನ್ನು ದೇವರ ಪಟದ ಹಿಂದೆ ಇಟ್ಟು ದಿನವೂ ಅದಕ್ಕೂ ಒಂದು ಹೂ ಏರಿಸುತ್ತಿದ್ದಳು. ಅಜ್ಜಿ ಲಕ್ಷಬತ್ತಿ ಮುಗಿಸಿ, ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಯುದ್ಧ ಮುಗಿದ ಮೇಲೆ ಕಂದು ಬಣ್ಣದ ಲಕೋಟೆ ಬಂತು. ಯಾವುದೋ ದ್ವೀಪದ ಸೆರೆಯಲ್ಲಿ, ಜ್ವರದಿಂದ, ಆ ಕಾರ್ಡು ನಮ್ಮ ಕೈ ಸೇರುವುದಕ್ಕೂ ಎಷ್ಟೋ ತಿಂಗಳು ಮೊದಲೇ ಅವನು ತೀರಿಕೊಂಡಿದ್ದ. ಅಂದರೆ ನಾವು ಹೋಳಿಗೆ ತಿಂದ ದಿನ ಅವನು ಇರಲಿಲ್ಲ. ಆ ದ್ವೀಪದ ಹೆಸರು ಅಪ್ಪನ ಭೂಪಟದಲ್ಲಿ ಇರಲಿಲ್ಲ.

ಆಗ ನನಗೆ ಹದಿಮೂರು ತುಂಬಿತ್ತು. ಸುದ್ದಿ ಬಂದ ಹತ್ತನೆಯ ದಿನವೋ ಏನೋ, ಅಪ್ಪ ನನ್ನನ್ನು ಕಟ್ಟೆಗೆ ಕರೆದರು. ದೀಪ ಹಚ್ಚುವ ಹೊತ್ತು. ಬೇಕೆಂದೇ ಆ ಹೊತ್ತನ್ನು ಆರಿಸಿಕೊಂಡಿದ್ದರು.

"ರಾಧೀ, ಅವತ್ತು ನಾ ಅಸ್ತು ಅಂದೆ. ನೆನಪದ ಏನು?"

"ಹೂಂ ಅಪ್ಪಾ."

"ಮನಸಾರೆ ಅಂದಿದ್ದೆ. ಹಂಗ ಯಾವತ್ತೂ ಏನೂ ಬೇಡಿಲ್ಲ ನಾನು. ಏನಾತು?"

ನಾನು ಬಾವಲಿಗಳು ಹೊರಟ ಬೆಟ್ಟದ ಕಡೆ ನೋಡಿದೆ.

"ಫಲಿಸ್ಲಿಲ್ಲ. ಅಂದಮ್ಯಾಲ ಅವತ್ತಿನ ನಿನ್ನ ಮಾತೂ ಫಲಿಸಿದ್ದಲ್ಲವಾ. ಯಾವ ದೇವತಿನೂ ಕೇಳಿಸಿಕೊಂಡಿಲ್ಲ. ನೀ ಏನೂ ಮಾಡಿಲ್ಲ. ತಿಳೀತಾ? ಕಳಿಸಿದವ ನಾನು."

ಅಷ್ಟು ಹೇಳಿ ಒಳಗೆ ಹೋಗಿ, ಗೋಡೆಯ ಭೂಪಟವನ್ನು ಬಿಚ್ಚಿ ಸುತ್ತಿ ಅಟ್ಟಕ್ಕೆ ಹಾಕಿದರು. ಹಳದಿ ಬಾವುಟವನ್ನು ನನ್ನ ಅಂಗೈಯಲ್ಲಿಟ್ಟರು. ಆಮೇಲ್ಯಾವತ್ತೂ ನಮ್ಮ ಕಟ್ಟೆಯ ಮೇಲೆ ಪೇಪರು ಓದಲಿಲ್ಲ. ತಾನು ಜೀವಮಾನವಿಡೀ ನಂಬಿದ್ದನ್ನು, ತನ್ನ ತಾಯಿ ನಂಬಿಸಿದ್ದನ್ನು ಒಂದು ಹುಡುಗಿಯ ಎದೆ ಹಗುರಾಗಲೆಂದು ಒಂದೇ ಸಂಜೆಯಲ್ಲಿ ಕಳಚಿ ಇಟ್ಟ ಅಪ್ಪನನ್ನು ನಾನು ಈಗಲೂ ನೆನೆಯುತ್ತೇನೆ. ಆ ದಿನ ಮಾತ್ರ ನಿಜವಾಗಿ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು.

ಈಗ ನನ್ನ ಮನೆಯಲ್ಲಿ ಸಂಜೆಯಾದರೆ ಯಾರೋ ಒಬ್ಬರು ಬಲ್ಬಿನ ಗುಂಡಿ ಒತ್ತುತ್ತಾರೆ. ಆ ಹೊತ್ತಿನಲ್ಲಿ ಮಕ್ಕಳು ಏನೇನೋ ಆಡುತ್ತಾರೆ, ಸಾಯಿ ಎನ್ನುತ್ತಾರೆ, ಹಾಳಾಗಿಹೋಗು ಎನ್ನುತ್ತಾರೆ. ನಾನು ಯಾರ ಬಾಯಿಗೂ ಹೊಡೆಯುವುದಿಲ್ಲ. ಕೇಳಿಸಿಕೊಳ್ಳುವವರು ಮೇಲೆ ಯಾರೂ ಇಲ್ಲವೆಂದು ಅಪ್ಪ ನನಗೆ ಹದಿಮೂರಕ್ಕೇ ತಿಳಿಸಿಕೊಟ್ಟಿದ್ದಾರೆ. ಹತ್ತು ಗಜಗಗಳು ನನ್ನ ಪೆಟ್ಟಿಗೆಯಲ್ಲಿವೆ. ಐದು ನನ್ನವು, ಐದು ಅವನವು.

ಅಪ್ಪನ ಅಸ್ತು ಫಲಿಸಿದ್ದರೆ ನನ್ನ ಮಾತೂ ಫಲಿಸಿತ್ತೆಂದೇ ಆಗುತ್ತಿತ್ತು. ಅಂಥ ಕೋಟೆಯನ್ನು ಕೆಡವಿದವಳು ನಾನೇ ಎಂದು ಈ ವಯಸ್ಸಿನವರೆಗೂ ನಂಬಿರುತ್ತಿದ್ದೆ. ನಂಬಿಕೊಂಡೇ ಇರುತ್ತಿದ್ದೆ, ಏನೂ ತೊಂದರೆಯಿಲ್ಲ. ಆಗ ಸೀನಣ್ಣ ತಿರುಗಿ ಬಂದು ಎದುರಿಗೆ ಕೂತು, "ಮೋಸ ಮಾಡೀದಿ ನೀ, ನನ್ನ ಪಾಳಿ ಕೊಡು" ಎನ್ನುತ್ತಿದ್ದ.